ಹನುಮಣ್ಣನ ಮೊದಲ ಸೇರು

ಕುಷ್ಟಗಿ ಪೇಟೆಯಲ್ಲಿ ಅಮರಪ್ಪ ಸಾವುಕಾರರ ಕಾಳಿನ ಅಂಗಡಿ. ಅಲ್ಲಿ ಜೋಳ ಅಳೆಯುವ ಕೆಲಸ ಹನುಮಣ್ಣನದು, ಅವನಿಗಿಂತ ಮೊದಲು ಅವನ ಅಪ್ಪನದು. ಮಂಡಿಯೂರಿ ಕುಳಿತು, ರಾಶಿಯಿಂದ ಸೇರು ತುಂಬಿ, ಅಂಗೈಯಿಂದ ಅದರ ತಲೆ ಸವರಿ ಮಟ್ಟಮಾಡಿ, ಚೀಲಕ್ಕೆ ಸುರಿಯುತ್ತ ರಾಗವಾಗಿ ಎಣಿಸುತ್ತಿದ್ದ. ಮೊದಲ ಸೇರಿಗೆ ‘ಒಂದು’ ಎನ್ನುವಂತಿಲ್ಲ, ‘ಲಾಭ’ ಎನ್ನಬೇಕು. ಲಾಭ, ಎರಡು, ಮೂರು. ಪೇಟೆಯ ರೂಢಿ ಅದು. ಹನುಮಣ್ಣನಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ನಡುವೆ ಯಾರು ಮಾತಾಡಿಸಿದರೂ ಅವನ ಎಣಿಕೆ ತಪ್ಪಿದ್ದಿಲ್ಲ. ಬೇವೂರಿನ ರೈತರು ಬಂಡಿ ನಿಲ್ಲಿಸಿದವರೇ, “ಹನುಮಣ್ಣ ಅದಾನೇನ್ರಿ?” ಎಂದು ಕೇಳುವರು. ಇದ್ದಾನೆಂದರೆ ರಾಶಿಯ ಬಳಿ ಕಾವಲು ನಿಲ್ಲದೆ ಚಹಾ ಕುಡಿಯಲು ಹೋಗಿಬಿಡುವರು. ಅವರು ಹಾಗೆ ಬೆನ್ನು ತಿರುಗಿಸಿ ಹೋಗುವುದನ್ನು ನೋಡುವುದೇ ಅವನಿಗೆ ಸುಖ.

ಸಾವುಕಾರರ ಮಗ ಕೊಟ್ರಪ್ಪ ಹೈದರಾಬಾದಿನಲ್ಲಿ ವಿಜ್ಞಾನ ಓದುತ್ತಿದ್ದ. ೧೯೩೮ರ ಬೇಸಿಗೆ ರಜೆಗೆ ಬರುವಾಗ ಸಹಪಾಠಿ ಫಕ್ರುದ್ದೀನನನ್ನೂ ಕರೆತಂದ. ಹನುಮಣ್ಣನೂ ಹೋಗುತ್ತಿದ್ದ ಗರಡಿಮನೆಯ ತರುಣರಿಗೆ ಶುಕ್ರವಾರ ಮುಂಜಾನೆ ಭೌತಶಾಸ್ತ್ರ ಕಲಿಸಬೇಕೆಂದು ಇಬ್ಬರೂ ಹೊರಟರು. ಪುಸ್ತಕವಿಲ್ಲ, ಹಲಗೆಯಿಲ್ಲ. ತಾನೇ ಅಳೆದು ನೋಡಿದ್ದನ್ನು ಮಾತ್ರ ನಂಬಬೇಕು, ಅದೊಂದೇ ನಿಯಮ.

ಗರಡಿಯ ಉಸ್ತಾದ ಕಾಸೀಮಸಾಬ ಕೊಪ್ಪಳಕ್ಕೆ ಮಂದಿಯನ್ನು ಒಯ್ಯುವ ಮೋಟಾರು ಓಡಿಸುವವನು. ಅವನು ನಕ್ಕು ಜಾಗ ಕೊಟ್ಟ. “ಮೂರು ಶುಕ್ರವಾರ ತೊಗೋರಿ. ಹೇಳಿದ್ದು ಹುಡುಗರ ಕೈಯಾಗ ಖರೇ ಆಗಬೇಕು. ಇಲ್ಲಾಂದ್ರ ನಿಮ್ಮಿಬ್ಬರನ್ನೂ ಮಣ್ಣು ಹದ ಮಾಡಾಕ ಹಚ್ಚತೀನಿ.”

ಮೊದಲ ವಾರ ಸನ್ನೆಗೋಲಿನಿಂದ ಗರಡಿಯ ಕಲ್ಲುಗುಂಡನ್ನು ಎಬ್ಬಿಸಿದರು. ಎಲ್ಲರಿಗೂ ಖುಷಿಯಾಯಿತು. ಎರಡನೆಯ ವಾರ ಲೋಲಕ. ತೊಲೆಗೆ ದಾರ ಕಟ್ಟಿ, ಅಂಗಡಿಯ ತಕ್ಕಡಿಯ ಹಿತ್ತಾಳೆ ಗುಂಡನ್ನು ತೂಗುಬಿಟ್ಟರು. ಕಟ್ಟಿದ ಜಾಗದಿಂದ ಗುಂಡಿನ ನಡುವಿಗೆ ಮೂರು ಅಡಿ ಮೂರು ಇಂಚು. ಅಷ್ಟು ಉದ್ದಕ್ಕೆ ಗುಂಡು ಒಮ್ಮೆ ಹೋಗಿ ಬರಲು ಎರಡು ಸೆಕೆಂಡು, ಇಪ್ಪತ್ತು ಸಲಕ್ಕೆ ನಲವತ್ತು ಸೆಕೆಂಡು ಹಿಡಿಯಬೇಕು ಎಂದ ಕೊಟ್ರಪ್ಪ. ಕಾಸೀಮಸಾಬ ತನ್ನ ಜೇಬುಗಡಿಯಾರ ಕೊಟ್ಟ. ಅದರ ಮುಳ್ಳು ನೋಡುವವನು ಫಕ್ರುದ್ದೀನ. ಎಣಿಸುವವರು ಯಾರೆಂದು ಯಾರೂ ಕೇಳಲೇ ಇಲ್ಲ.

ಕೊಟ್ರಪ್ಪ ಗುಂಡನ್ನು ಬದಿಗೆಳೆದು ಬಿಟ್ಟ. “ಲಾಭ,” ಎಂದ ಹನುಮಣ್ಣ. ಗುಂಡು ಹೋಗಿ ಮರಳಿತು. “ಎರಡು.” ಹಾಗೆಯೇ ಸಾಗಿ ಅವನು ಇಪ್ಪತ್ತು ಎಂದಾಗ ಗಡಿಯಾರ ಮೂವತ್ತೆಂಟು ಸೆಕೆಂಡು ತೋರಿಸಿತು. ಮೂರು ಸಲ ಮಾಡಿದರು. ಮೂರು ಸಲವೂ ಮೂವತ್ತೆಂಟೇ.

“ಗಡಿಯಾರ ನಿಧಾನ ಐತಿ, ಉಸ್ತಾದ,” ಎಂದ ಕೊಟ್ರಪ್ಪ. “ತಾಸಿಗೆ ಮೂರು ಮಿನಿಟು ಹಿಂದ ಬೀಳತೈತಿ.”

ಕಾಸೀಮಸಾಬನ ಮುಖ ಕೆಂಪಾಯಿತು. “ಏನಪಾ, ಸಣ್ಣ ಸಾವುಕಾರ! ದಿನಾ ಕೊಪ್ಪಳ ಟೇಸನ್ನಿನ ಗಡಿಯಾರಕ್ಕ ಹೋಲಿಸಿ ನೋಡ್ತೀನಿ. ಒಂದು ಮಿನಿಟಿನ ಫರಕ ಬಂದಿಲ್ಲ. ನೀನು ಹೇಳಿದಂಗ ಆಗಿದ್ರ ದಿನಕ್ಕ ತಾಸಿನ ಮ್ಯಾಲ ಹಿಂದ ಬಿದ್ದು, ಮಂದಿಗೆಲ್ಲಾ ರೈಲು ತಪ್ಪಸ್ತಿದ್ದೆ!”

“ಹಂಗಾರ ಎಣಿಕಿ ಏನಾರ...” ಎಂದು ಫಕ್ರುದ್ದೀನ ಬಾಯಿ ತೆರೆದ. ಗರಡಿಯೆಲ್ಲ ಗೊಳ್ಳೆಂದಿತು.

“ಹನುಮಣ್ಣನ ಎಣಿಕೀನ? ನಿಮ್ಮ ಕಾಲೇಜಿನ ಪುಸ್ತಕದಾಗ ತಪ್ಪು ಬಿದ್ದಿರಬೇಕು, ತೆಗೆದು ನೋಡ್ರಿ!” ಎಂದ ಹುಡುಗರಲ್ಲೊಬ್ಬ.

ಕಾಸೀಮಸಾಬ ಗಡಿಯಾರವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದ.

ಮರುದಿನ ಹನುಮಣ್ಣ ಜೋಳ ಅಳೆಯಲು ಕುಳಿತ. ಮೊದಲ ಸೇರು ತುಂಬಿ, ಸುರಿದು, “ಲಾಭ” ಎಂದವನ ಕೈ ಅಲ್ಲಿಯೇ ನಿಂತಿತು. ಲಾಭ ಎನ್ನುವಾಗ ಇಲ್ಲಿ ಒಂದು ಸೇರು ಆಗಲೇ ಚೀಲ ಸೇರಿದೆ. ಗರಡಿಯಲ್ಲಿ ಲಾಭ ಎಂದದ್ದು ಗುಂಡು ಬಿಟ್ಟ ಗಳಿಗೆಗೆ, ಅದು ಇನ್ನೂ ಹೋಗಿಯೂ ಇರಲಿಲ್ಲ, ಬಂದೂ ಇರಲಿಲ್ಲ. ಖಾಲಿ ಸೇರಿಗೆ ಲಾಭ ಎಂದಂತಾಯಿತು. ಇಪ್ಪತ್ತು ಎಂದಾಗ ಆಗಿದ್ದು ಹತ್ತೊಂಬತ್ತು ಸುತ್ತು.

ಮೊದಲು ಸಾವುಕಾರರಿಗೇ ಹೇಳಿದ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಮತ್ಯಾರ ಮುಂದರ ಹೇಳಿಯೇನು?”

“ಇಲ್ರಿ ಸಾವುಕಾರ್ರ.”

“ಹೇಳಬ್ಯಾಡ. ಹನುಮಣ್ಣನ ಎಣಿಕಿ ತಪ್ಪೈತಂತ ಅಂದ್ರ, ಯಾವ ಎಣಿಕಿ, ಎಲ್ಲಿ ತಪ್ಪಿತು ಅಂತ ಯಾರೂ ಕೇಳಂಗಿಲ್ಲ. ರೈತರು ಬಾಜೂ ಅಂಗಡಿಗೆ ಬಂಡಿ ಹೊಡೀತಾರ. ಆ ಗುಂಡು ತೂಗಾಡಿ ನಿನಗೇನು ರೊಟ್ಟಿ ಕೊಡತೈತೇನು?”

ಮಾತು ಸುಳ್ಳಲ್ಲ. ಹನುಮಣ್ಣ ಮತ್ತೆ ಸೇರು ಹಿಡಿದು ಕುಳಿತ. ಆದರೆ ಆ ವಾರ ಎಣಿಸುವಾಗ ರಾಗವೇ ಹೊರಡಲಿಲ್ಲ. ಬುಧವಾರ ಕಾಸೀಮಸಾಬನ ಮೋಟಾರು ಪೇಟೆಯಲ್ಲಿ ನಿಂತಿದ್ದಾಗ ಒಬ್ಬ ಕೂಗಿದ, “ಉಸ್ತಾದ, ಟೈಮೆಷ್ಟು? ಮೂರು ಮಿನಿಟು ಕೂಡಿಸಿ ಹೇಳ್ರಿ!” ಮಂದಿ ನಕ್ಕರು. ಕಾಸೀಮಸಾಬ ಗಡಿಯಾರ ಹೊರತೆಗೆಯಲಿಲ್ಲ, ಮೋಟಾರು ಹೊರಡಿಸಿಬಿಟ್ಟ. ಹನುಮಣ್ಣನ ಕೈಯಲ್ಲಿದ್ದ ಸೇರು ಭಾರವಾಯಿತು.

ಮೂರನೆಯ ಶುಕ್ರವಾರ ಗರಡಿಗೆ ಹೋಗುವಾಗ ಪಂಚೆಯ ಮಡಿಲಲ್ಲಿ ಒಂದು ಹಿಡಿ ಜೋಳ ಒಯ್ದ. “ಇನ್ನೊಮ್ಮಿ ಗುಂಡು ಬಿಡ್ರಿ, ಸಣ್ಣ ಸಾವುಕಾರ್ರ. ಉಸ್ತಾದ, ಗಡಿಯಾರ ನೀವ ನೋಡ್ರಿ. ನಲವತ್ತು ಸೆಕೆಂಡಾದ ಕೂಡ್ಲೆ ‘ಬಸ್’ ಅನ್ರಿ. ಯಾರೂ ಬಾಯಿಲೆ ಎಣಸಬ್ಯಾಡ್ರಿ.”

ಗುಂಡು ಬಿಟ್ಟರು. ಹನುಮಣ್ಣ ತುಟಿ ಬಿಗಿಹಿಡಿದಿದ್ದ. ಗುಂಡು ಹೋಗಿ ಪೂರ್ತಿ ಮರಳಿದ ಮೇಲೆ ಒಂದು ಕಾಳು ನೆಲಕ್ಕಿಟ್ಟ. ಮರಳಿದಾಗಲೆಲ್ಲ ಒಂದೊಂದು. “ಬಸ್!” ಎಂದ ಕಾಸೀಮಸಾಬ, ಹನುಮಣ್ಣ ಕಾಳೊಂದನ್ನು ಇಡುತ್ತಿದ್ದ ಹೊತ್ತಿಗೆ ಸರಿಯಾಗಿ. ಫಕ್ರುದ್ದೀನ ಕುಕ್ಕರುಗಾಲಲ್ಲಿ ಕುಳಿತು ಕಾಳೆಣಿಸಿದ. ಇಪ್ಪತ್ತು.

“ಗಡಿಯಾರ ಛಲೋ ಐತಿ, ಪುಸ್ತಕಾನೂ ಛಲೋ ಐತಿ,” ಎಂದ ಹನುಮಣ್ಣ. “ತಪ್ಪು ನಂದು. ಗುಂಡು ಮರಳಿ ಬರೂಕಿಂತ ಮೊದಲ ಲಾಭ ಅಂದಿದ್ದೆ.”

ಕೊಟ್ರಪ್ಪ ಎದ್ದು ಕಾಸೀಮಸಾಬನ ಕೈ ಹಿಡಿದ. “ಉಸ್ತಾದ, ಅಳೀದೆ ತಪ್ಪು ಗಡಿಯಾರದ ಮ್ಯಾಲ ಹಾಕಿದೆ. ನಮ್ಮ ನಿಯಮ ನಾನ ಮುರದೆ.”

“ಮಣ್ಣು ಹದ ಮಾಡು, ಹೋಗು,” ಎಂದ ಕಾಸೀಮಸಾಬ. ಗಡಿಯಾರವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಅಂಗೈಯಲ್ಲಿಯೇ ಇಟ್ಟುಕೊಂಡಿದ್ದ.

ಸಾವುಕಾರರು ಹೇಳಿದಂತೆಯೂ ಆಯಿತು. ಸುದ್ದಿ ಪೇಟೆ ಮುಟ್ಟಿತು, ಇಬ್ಬರು ರೈತರು ಬಂಡಿ ತಿರುಗಿಸಿದರು. ಉಳಿದವರು ಬಂದರು, ಆದರೆ ಚಹಾಕ್ಕೆ ಹೋಗದೆ ರಾಶಿಯ ಬಳಿಯೇ ನಿಂತರು. “ಲಾಭದ ಸೇರು ತುಂಬೇತೇನು ನೋಡ್ರೋ!” ಎಂದು ಚೇಷ್ಟೆಯ ಮಾತು ಬೇರೆ.

ಹನುಮಣ್ಣ ಸಿಟ್ಟಾಗಲಿಲ್ಲ. ಮೊದಲ ಸೇರನ್ನು ತುಂಬಿ, ತಲೆ ಸವರಿ, ರೈತನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದನ್ನು ರೂಢಿ ಮಾಡಿಕೊಂಡ. ರೈತ ತಲೆಯಾಡಿಸಿದ ಮೇಲೆಯೇ ಸುರಿದು “ಲಾಭ” ಎನ್ನುತ್ತಿದ್ದ. ಎರಡು ಸುಗ್ಗಿ ಹೀಗೆ ಕಳೆಯಿತು. ಮೂರನೆಯ ಸುಗ್ಗಿಯಲ್ಲಿ, ಬಂಡಿ ತಿರುಗಿಸಿಕೊಂಡು ಹೋಗಿದ್ದ ಬೇವೂರಿನ ಹುಚ್ಚೀರಪ್ಪ ಮತ್ತೆ ಬಂದು ಚೀಲ ಇಳಿಸಿದ. ಹನುಮಣ್ಣ ಎಂದಿನಂತೆ ತುಂಬಿದ ಸೇರನ್ನು ಮೇಲೆತ್ತಿದ.

ನೋಡಬೇಕಾದವನು ಅಲ್ಲಿರಲಿಲ್ಲ. ಚಹಾದ ಅಂಗಡಿಯ ಕಡೆ ಬೆನ್ನು ತಿರುಗಿಸಿ ನಡೆದಿದ್ದ.

ಆದರೂ ಹನುಮಣ್ಣ ಸೇರನ್ನು ಎಂದಿನಷ್ಟೇ ಹೊತ್ತು ಎತ್ತಿ ಹಿಡಿದಿದ್ದು, ಆಮೇಲೆ ಸುರಿದು, ರಾಗವೆಳೆದು “ಲಾ...ಭ” ಎಂದ.