ಎಂಬತ್ತಮೂರಕ್ಕೆ ಒಡೆದ ನನ್ನ ನಂಬರು

"ಸಾ, ನಿಮ್ಮ ನಂಬರು ಒಡ್ದೋಯ್ತು."

ಹಾಸನದ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಬಂದ ಫೋನು. ಯಾವ ನಂಬರು? ಯಾರಿವರು?

"ಅರಕಲಗೂಡು ಸಾ, ಟೈಲರ್ ಜಯಮ್ಮ. ಯಾತರಿಂದ್ಲೂ ಭಾಗ ಆಗಲ್ಲ ಅಂತ ಪೇಪರ್ನಾಗೆ ಬರ್ದಿದ್ರಲ್ಲ? ಎಂಬತ್ತಮೂರರಿಂದ ಆಯ್ತದೆ. ಶೇಷ ಸೊನ್ನೆ."

ನೆನಪಿದೆಯಲ್ಲ? ಒಂದು ಅವಿಭಾಜ್ಯ ಸಂಖ್ಯೆಯ ಬಗ್ಗೆ ಈ ಅಂಕಣದಲ್ಲೇ ಬರೆದಿದ್ದೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ. ಮನೆಗೆ ಹೋಗಿ ಪೇಪರ್ ಬಿಡಿಸಿದೆ. 73939139 ಎಂದಿತ್ತು. ಇರಬೇಕಾದದ್ದು 73939133. (ಮುದ್ರಣದೋಷ ಅನ್ನಬಹುದಿತ್ತು. ಟೈಪ್ ಮಾಡಿದ್ದು ನಾನೇ.)

ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಸರಿಯಾದ ಸಂಖ್ಯೆ ಹೇಳಿದೆ. "ಬರ್ಕಂಡೆ," ಎಂದವರೇ ಇಟ್ಟುಬಿಟ್ಟರು.

ಐದು ತಿಂಗಳಾದ ಮೇಲೆ ಮತ್ತೆ ಅದೇ ದನಿ. "ನಾಳೆ ಮಧ್ಯಾಹ್ನ ಮುಗೀತದೆ ಸಾ. ಬತ್ತೀರಾ?"

ಹೋದೆ. ಹೊಲಿಗೆ ಮಷಿನ್ ಪಕ್ಕ, ಬ್ಲೌಸಿನ ಅಳತೆ ಕತ್ತರಿಸುವ ಕಂದು ಕಾಗದದ ರಾಶಿ. ಒಂದೊಂದು ಹಾಳೆಯ ತುಂಬ ಪೆನ್ಸಿಲ್ ಭಾಗಾಕಾರ. ಸಾವಿರಕ್ಕೂ ಹೆಚ್ಚು! ಭಾಗಿಸಬೇಕಾದ ಅವಿಭಾಜ್ಯಗಳ ಪಟ್ಟಿಯನ್ನೂ ಅವರೇ ಮಾಡಿಕೊಂಡಿದ್ದರು. ಎರಡರ ಮಗ್ಗಿ ಹೊಡೆದುಹಾಕಿ, ಮೂರರದ್ದು ಹೊಡೆದುಹಾಕಿ, ಹಾಗೇ ಮುಂದಕ್ಕೆ.

"ಯಾಕಮ್ಮಾ ಇಷ್ಟೆಲ್ಲ?"

"ಮೊದ್ಲು ತಪ್ಪು ಬರ್ದಿದ್ರಿ. ಈ ಸಲ ಸರಿ ಅಂತ ನಂಗೆಂಗೆ ಗೊತ್ತಾಗ್ಬೇಕು?"

ನಾನು ರಾಶಿಯಿಂದ ಒಂದು ಹಾಳೆ ಎತ್ತಿ ನೋಡಿದೆ.

"ಓದ್ ತಿಂಗ್ಳು ಒಂದಿನ ಶೇಷ ಸೊನ್ನೆ ಬಂದ್ಬುಡ್ತು ಸಾ. ಎದೆ ಧಸಕ್ ಅಂತು. ಅವತ್ತು ಯಾರದೋ ಬ್ಲೌಸಿಗೆ ಎರಡೂ ಎಡದ ತೋಳೇ ಹೊಲ್ದಿವ್ನಿ! ಮಾರ್ನೆ ದಿನ ನೋಡಿದ್ರೆ, ಕಳೆಯೋದ್ರಲ್ಲಿ ತಪ್ಪಿದ್ದೆ."

ಆಮೇಲೆ ಸಂಖ್ಯೆಯ ಕೊನೆಯ ಅಂಕಿಯನ್ನು ಹೆಬ್ಬೆರಳಲ್ಲಿ ಮುಚ್ಚಿದರು. 7393913. "ಇದೂ ಒಡೆಯಲ್ಲ." ಇನ್ನೊಂದು ಮುಚ್ಚಿದರು. 739391. ಅದೂ ಇಲ್ಲ. 73939. 7393. 739. 73. ಕೊನೆಗೆ ಬರೀ 7. ಬಾಲ ಕತ್ತರಿಸುತ್ತ ಹೋದರೂ ಉಳಿದದ್ದು ಪ್ರತಿ ಸಲ ಅವಿಭಾಜ್ಯವೇ! ಪೂರ್ತಿ ಎಂಟು ಅಂಕಿಗಳ ಬಲಕ್ಕೆ ಒಂಬತ್ತನೆಯದೊಂದು ಅಂಕಿ ಸೇರಿಸಿದರೆ? ಯಾವುದನ್ನು ಸೇರಿಸಿದರೂ ಒಡೆಯುತ್ತದೆ. ಇಂಥ ಗುಣವುಳ್ಳ ಸಂಖ್ಯೆಗಳಲ್ಲಿ ಇದೇ ಅತಿ ದೊಡ್ಡದು. ಯಾರೂ ಇದನ್ನು ಹೀಗೆ ಮಾಡಿಟ್ಟಿಲ್ಲ. ಅದು ಇರುವುದೇ ಹಾಗೆ. ಮೈ ಜುಮ್ಮೆನ್ನುವುದಿಲ್ಲವೇ?

ಉಳಿದಿದ್ದದ್ದು ಒಂದೇ ಭಾಗಾಕಾರ, 8597ರಿಂದ. (ಇದಕ್ಕಿಂತ ದೊಡ್ಡ ಅವಿಭಾಜ್ಯದಿಂದ ಭಾಗವಾಗುವುದಿದ್ದರೆ, ಜೊತೆಗೆ ಚಿಕ್ಕದೊಂದರಿಂದಲೂ ಆಗಲೇಬೇಕು. ಚಿಕ್ಕವೆಲ್ಲ ಮುಗಿದಿದ್ದವು.)

ಪೆನ್ಸಿಲ್ ನಿಧಾನಕ್ಕೆ ಇಳಿಯಿತು. ಭಾಗಲಬ್ಧ 8600. ಶೇಷ 4933.

"ಒಡೀಲಿಲ್ಲ ಸಾ," ಎಂದರು ಮೆಲ್ಲಗೆ. ಕಣ್ಣು ತುಂಬಿತ್ತು. ನನ್ನದೂ.

"ಮೊಬೈಲಲ್ಲಿ ಒಂದೇ ಕ್ಷಣಕ್ಕೆ ಗೊತ್ತಾಗುತ್ತಿತ್ತಲ್ಲ ಜಯಮ್ಮೋರೆ?"

"ಮೊಬೈಲಿಗೆ ಗೊತ್ತಾಗ್ತಿತ್ತು. ನಂಗೆ?"

ನಾನು ಎಲ್ಲೋ ಓದಿ ಬರೆದಿದ್ದೆ, ಅದನ್ನೂ ತಪ್ಪಾಗಿ. ಜಯಮ್ಮನಿಗೆ ಈಗ ಗೊತ್ತಿದೆ.

ನಮಗೆ ಗೊತ್ತು ಎನ್ನುವುದರಲ್ಲಿ ಎಷ್ಟನ್ನು ನಾವೇ ಭಾಗಿಸಿ ನೋಡಿದ್ದೇವೆ?