ಹಾಡಿನ ಹೊಲಿಗೆ

ಅಂಗಡಿಯ ಬೋರ್ಡಿನ ಮೇಲೆ ಏನೋ ಒಂದು ಚಂದದ ಹೆಸರಿತ್ತು. ಅದನ್ನು ಓದಿದವರು ಯಾರೂ ಇಲ್ಲ. ಬೀದಿಯವರ ಬಾಯಲ್ಲಿ ಅದು ಅತ್ತೆ ಸೊಸೆ ಅಂಗಡಿ, ಅಷ್ಟೇ. ಅತ್ತೆ ಬಟ್ಟೆ ಕತ್ತರಿಸುತ್ತಿದ್ದರು, ಸೊಸೆ ಹೊಲಿಯುತ್ತಿದ್ದಳು. ಇದ್ದದ್ದು ಒಂದೇ ಕೋಣೆ. ನಡುವೆ ದಪ್ಪ ಮರದ ಕಟಿಂಗ್ ಟೇಬಲ್ಲು, ಅದಕ್ಕೆ ಒತ್ತಿಕೊಂಡೇ ಸೊಸೆಯ ಕಾಲುಮೆಷಿನ್ನು. ಕತ್ತರಿಸಿದ ತುಂಡು ನೆಲ ಮುಟ್ಟದೆ ಸೀದಾ ಸೂಜಿಯ ಕೆಳಗೆ ಜಾರಬೇಕು ಎಂದು ಅತ್ತೆಯೇ ಮಾಡಿಸಿದ್ದ ಏರ್ಪಾಡು. ಟೇಬಲ್ಲಿನ ಮೂಲೆಯಲ್ಲಿ ಕ್ಯಾಸೆಟ್ಟೂ ಹಾಕಬಹುದಾದ ಒಂದು ರೇಡಿಯೋ. ಜಗಳವೆಲ್ಲ ಅದರದ್ದೇ.

ಸೊಸೆ ಮದುವೆಯಾಗಿ ಬಂದಾಗ ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಕ್ಯಾಸೆಟ್ಟುಗಳೇ ಹೆಚ್ಚಿದ್ದವು. ಎಲ್ಲವೂ ಕುಣಿಸುವ ಹಾಡುಗಳು, ಡ್ರಮ್ಮು ಎದೆಗೇ ಬಡಿಯುವಂಥವು. ಅತ್ತೆಗೆ ಬೇಕಾದದ್ದು ರೇಡಿಯೋದಲ್ಲಿ ಬರುವ ನಿಧಾನದ ಗಾಯನ. ಹಾಡುವವರು ಒಂದೇ ಸ್ವರವನ್ನು ಹಿಡಿದುಕೊಂಡು, ಬಿಡಲೋ ಬೇಡವೋ ಎಂದು ಯೋಚಿಸುತ್ತ ಕೂರುವಂಥದ್ದು.

“ಅದು ಹಾಡೇನ್ರೀ? ಹಲ್ಲುನೋವು ಬಂದೋರು ನರಳಿದ ಹಾಗಿದೆ,” ಎಂದು ಅವಳು ಗಂಡನ ಹತ್ತಿರ ದೂರು ಹೇಳಿದಳು. ಗಂಡ ಬಸ್ಸಿನ ಮೆಕ್ಯಾನಿಕ್ಕು. ಅವನಿಗೆ ಎಂಜಿನ್ನಿನ ಸದ್ದು ಬಿಟ್ಟರೆ ಉಳಿದದ್ದೆಲ್ಲ ಗಲಾಟೆಯೇ. “ಬೆಳಿಗ್ಗೆ ನಿಂದು, ಮಧ್ಯಾಹ್ನ ಅಮ್ಮಂದು. ನನ್ನ ತಲೆ ತಿನ್ಬೇಡಿ,” ಎಂದು ಕೈ ತೊಳೆದುಕೊಂಡ.

ತಕರಾರು ಅಲ್ಲಿಗೆ ಮುಗಿಯಲಿಲ್ಲ. ಸೊಸೆಯ ಕಾಲು ಹಾಡಿನ ಮಾತು ಕೇಳುತ್ತಿತ್ತೇ ಹೊರತು ಬಟ್ಟೆಯ ಮಾತು ಕೇಳುತ್ತಿರಲಿಲ್ಲ. ಡ್ರಮ್ಮು ಜೋರಾದರೆ ಪೆಡಲ್ಲೂ ಜೋರು. ಬಟ್ಟೆ ಎಳೆದುಕೊಂಡು ಹೋಗಿ ಹೊಲಿಗೆಯುದ್ದಕ್ಕೂ ಸುಕ್ಕು ಬೀಳುತ್ತಿತ್ತು. ಅತ್ತೆ ಅಂಗಿಯನ್ನು ಬಾಗಿಲ ಬೆಳಕಿಗೆ ಹಿಡಿದು, “ಇಗೋ, ಇಲ್ಲೀವರೆಗೂ ತಣ್ಣಗಿದೆ. ಇಲ್ಲಿಂದ ಶುರು ನೋಡು ನಿನ್ನ ಡಬಡಬ,” ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅಂಥದ್ದಕ್ಕೆ ಅವರಿಟ್ಟ ಹೆಸರು ಹಾಡಿನ ಹೊಲಿಗೆ. ಬೈಗುಳವಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ. ಸುಮ್ಮನೆ ಬ್ಲೇಡನ್ನು ಅವಳ ಮುಂದೆ ಸರಿಸುತ್ತಿದ್ದರು. ಹೊಲಿದವರೇ ಬಿಚ್ಚಬೇಕು, ಅದು ಆ ಅಂಗಡಿಯ ಕಾನೂನು. ಬಿಚ್ಚುವ ಕೆಲಸ ಹೊಲಿಯುವುದಕ್ಕಿಂತ ಎಷ್ಟು ಬೇಸರದ್ದು ಎನ್ನುವುದು ಹೊಲಿಯುವವರಿಗೆಲ್ಲ ಗೊತ್ತು.

ಹೀಗೇ ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ಸೊಸೆ ಶಾಲೆಯ ಸಮವಸ್ತ್ರದ ರಾಶಿ ಮುಂದಿಟ್ಟುಕೊಂಡು ಕೂತಿದ್ದಳು. ರೇಡಿಯೋದಲ್ಲಿ ಹೆಂಗಸೊಬ್ಬಳ ದನಿ ಮೆಲ್ಲಗೆ ಮೇಲೆ ಹತ್ತುತ್ತಿತ್ತು. ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಕಾಲುಮೆಷಿನ್ನಿಗೆ ಕರೆಂಟಿನ ಹಂಗಿಲ್ಲ, ಹೊಲಿಯುತ್ತ ಹೋಗಬಹುದಿತ್ತು. ಆದರೆ ಅವಳ ಕಾಲು ನಿಂತುಬಿಟ್ಟಿತ್ತು. “ಅಯ್ಯೋ, ಮುಟ್ಟಿದಳೋ ಇಲ್ವೋ!” ಎಂದು ಬಾಯಿಂದ ಬಂದೇಬಿಟ್ಟಿತು. ಅತ್ತೆ ಕಣ್ಣೆತ್ತಿ ಕೂಡ ನೋಡಲಿಲ್ಲ, ತುಟಿಯಂಚಿನಲ್ಲೇ ನಕ್ಕರು. ಆ ಸಂಜೆ ಪಾತ್ರೆ ತೊಳೆಯುವಾಗಲೂ ಸೊಸೆಯ ಮನಸ್ಸು ಆ ಸ್ವರದ ಹಿಂದೆಯೇ ಅಲೆಯಿತು.

ಸೋತೆ ಎಂದು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಬೆಳಿಗ್ಗೆ ಕ್ಯಾಸೆಟ್ಟು ಹಾಕುವುದನ್ನು ಬರೀ ಹಠಕ್ಕೆ ಮುಂದುವರಿಸಿದಳು. ಆಮೇಲೆ ದನಿ ತಗ್ಗಿಸಿದಳು. ಕಡೆಗೆ ಒಂದು ದಿನ, “ಕ್ಯಾಸೆಟ್ಟು ಒಳಗೇ ಸಿಕ್ಕಾಕೊಂಡಿದೆ ಅತ್ತೆ,” ಎಂದು ನೆಪ ಹೇಳಿ ಬೆಳಿಗ್ಗೆಯೂ ರೇಡಿಯೋ ಹಾಕಿದಳು. ನೆಪ ನಿಜವೆನಿಸಬೇಕಲ್ಲ, ಆ ಕ್ಯಾಸೆಟ್ಟನ್ನು ಮತ್ತೆ ಹೊರಗೆ ತೆಗೆಯಲೇ ಇಲ್ಲ. ಅತ್ತೆಗೇನು ಗೊತ್ತಾಗದೆ ಇರಲಿಲ್ಲ. ಹೊಲಿಗೆ ನೆಟ್ಟಗಾಗಿತ್ತಲ್ಲ! ಅಲ್ಲಿಂದ ಇಬ್ಬರೂ ಒಂದೇ ಹಾಡಿಗೆ ತಲೆದೂಗಿದರು. ಒಳ್ಳೆಯ ಜಾಗ ಬಂದರೆ ಕತ್ತರಿಯೂ ಸೂಜಿಯೂ ಒಟ್ಟಿಗೆ ನಿಲ್ಲುತ್ತಿದ್ದವು, ಇಬ್ಬರೂ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಅವಳ ಪಾಲಿಗೆ ಅವು ತುಂಬ ಸುಖದ ವರ್ಷಗಳು.

ಅತ್ತೆಯ ಕಿವಿ ಮಂದವಾದದ್ದು ಆಮೇಲೆ. ಮೊದಲು ಸಣ್ಣ ದನಿಗಳು ಹೋದವು, ಹಿಂದೆಯೇ ಗಾಯನವೂ ಹೋಯಿತು. ಮಗ ಕಿವಿಗೆ ಮೆಷಿನ್ ಹಾಕಿಸಿದ. “ಲೋಕವೆಲ್ಲ ತಗಡಿನ ಡಬ್ಬೀಲಿ ಕೂತು ಮಾತಾಡ್ತಿದೆ,” ಎಂದು ಅತ್ತೆ ಅದನ್ನು ಕಿತ್ತು ಡ್ರಾಯರಿಗೆ ಹಾಕಿದರು. ಕೈ ಗಟ್ಟಿಯಾಗಿತ್ತು, ಕಣ್ಣು ಚುರುಕಾಗಿತ್ತು. ಆದರೂ ಅಂಗಡಿಗೆ ಬರುವುದನ್ನೇ ನಿಲ್ಲಿಸಿದರು.

“ಅಲ್ಲಿ ಕೂತು ಏನ್ಮಾಡ್ಲೇ? ನೀನು ತಲೆ ಆಡಿಸೋದು ಕಾಣುತ್ತೆ, ಯಾಕೆ ಅಂತ ತಿಳಿಯಲ್ಲ. ಹೊಟ್ಟೆ ಉರಿಯುತ್ತೆ.”

ಸೊಸೆ ಕತ್ತರಿಯನ್ನೂ ತಾನೇ ಹಿಡಿದಳು. ಕೆಲಸ ಹೇಗೋ ನಡೆಯಿತು. ಆದರೆ ಒಳ್ಳೆಯ ಜಾಗ ಬಂದಿತೆಂದು ತಲೆಯೆತ್ತಿದರೆ ಎದುರಿಗೆ ಬರೀ ಗೋಡೆ. ಹೀಗೇ ಬಿಟ್ಟರೆ ಅತ್ತೆ ಮನೆಯ ಕಿಟಕಿಯ ಪಕ್ಕದಲ್ಲೇ ಮುದುಡಿಹೋಗುತ್ತಾರೆ ಎಂದು ಅವಳಿಗೆ ನಿಜಕ್ಕೂ ಭಯವಾಯಿತು. ಹೇಗಾದರೂ ಅವರನ್ನು ಮತ್ತೆ ಆ ಟೇಬಲ್ಲಿಗೆ ತರಬೇಕು. ಜಪ್ಪಯ್ಯ ಎಂದರೂ ಬರಲೊಲ್ಲದವರಿಗೆ ಒಂದು ಬೆಳಿಗ್ಗೆ ಕಿವಿಯ ಹತ್ತಿರ ಬಾಗಿ, ತನಗೆ ಬರುವ ಕೆಲಸವನ್ನೇ ಬಾರದೆಂದು ಸುಳ್ಳು ಹೇಳಿದಳು: “ಪೋಸ್ಟ್‌ಮಾಸ್ಟರ್ ಕೋಟು ಅತ್ತೆ! ಅವರ ಒಂದು ಭುಜ ಮೇಲೆ, ಒಂದು ಕೆಳಗೆ. ನನ್ನ ಕೈಲಾಗಲ್ಲ!”

ಅತ್ತೆ ಬಂದರು. ಬಟ್ಟೆ ಹಾಸಿದರು, ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಕತ್ತರಿಸಿದರು. ಮುಗಿದೊಡನೆ ಎದ್ದು ಹೊರಡುವವರೇ. ಅವರಿಗೆ ಒಂದಿಷ್ಟಾದರೂ ಕೇಳಿಸಲಿ ಎಂದು ಸೊಸೆ ದನಿಯನ್ನು ಪೂರ್ತಿ ಏರಿಸಿ, ಗಡಿಬಿಡಿಯಲ್ಲಿ ರೇಡಿಯೋದ ಗುಂಡಿಯ ಬದಲು ಪಕ್ಕದ ಗುಂಡಿ ಒತ್ತಿದಳು. ಒಳಗೆ ಕೂತಿದ್ದದ್ದು ಆ ಹಳೆಯ ಕ್ಯಾಸೆಟ್ಟು. ಡ್ರಮ್ಮು ಸಿಡಿದೆದ್ದಿತು. ಟೇಬಲ್ಲಿನ ಮೇಲಿದ್ದ ಗುಂಡುಸೂಜಿಯ ಡಬ್ಬಿ ಕುಣಿಯತೊಡಗಿತು. ಏಳಲೆಂದು ಎರಡೂ ಅಂಗೈಯನ್ನು ಟೇಬಲ್ಲಿಗೆ ಊರಿದ್ದ ಅತ್ತೆ ಅಲ್ಲೇ ನಿಂತರು.

“ಇದು ಆ ದರಿದ್ರ ಹಾಡಲ್ವೇನೇ?”

ಸೊಸೆ ನಾಚಿಕೊಂಡು ಆರಿಸಲು ಹೋದಳು.

“ಮುಟ್ಟಬೇಡ! ನಂಗೆ ಕೇಳಿಸ್ತಿದೆ ಕಣೇ! ಕೈಗೆ ಕೇಳಿಸ್ತಿದೆ!” ಅತ್ತೆಯ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಸೊಸೆ ಮಾತ್ರ ಅಳುವುದನ್ನು ಮುಚ್ಚಿಡಲು ಹೋಗಲಿಲ್ಲ.

ಮರುದಿನ ಅತ್ತೆ ಯಾರೂ ಕರೆಯದೆಯೇ ಅಂಗಡಿಗೆ ಬಂದರು, ಅದರ ಮರುದಿನವೂ ಬಂದರು. ಹಳೆಯ ಕ್ಯಾಸೆಟ್ಟುಗಳೆಲ್ಲ ಪೆಟ್ಟಿಗೆಯಿಂದ ಹೊರಬಿದ್ದವು. ಕೆಲವೇ ವಾರಗಳಲ್ಲಿ ಅತ್ತೆಗೆ ಅದರಲ್ಲೂ ಇದು ಬೇಕು, ಅದು ಬೇಡ ಶುರುವಾಯಿತು. “ಇವನು ಪರವಾಗಿಲ್ಲ. ಆ ಇನ್ನೊಬ್ಬ ಇದಾನಲ್ಲ, ಬಸ್ಸು ಹೊರಟುಹೋಗುತ್ತೆ ಅನ್ನೋ ಹಾಗೆ ಬಡೀತಾನೆ.” ಸೊಸೆಗೋ ಬೆಳಗಿಡೀ ಡಬಡಬ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ಊಟವಾಗಿ ಅತ್ತೆ ಕುರ್ಚಿಯಲ್ಲೇ ತೂಕಡಿಸಿದ ಮೇಲೆ ತನಗೆ ಬೇಕಾದ ಗಾಯನ ಹಾಕಿಕೊಂಡು ಸಮಾಧಾನಪಡುತ್ತಿದ್ದಳು. ಬೆಳಗಿನ ಹೊತ್ತು ಹಾಡು ಎಷ್ಟೇ ಓಡಲಿ, ತಾನು ಮಾತ್ರ ಪೆಡಲ್ಲನ್ನು ಎಚ್ಚರದಿಂದ ನಿಧಾನವಾಗಿ ತುಳಿಯುತ್ತಿದ್ದಳು.

ಒಂದು ದಿನ ಅತ್ತೆ ಅಂಗೈಯನ್ನು ಟೇಬಲ್ಲಿನಿಂದ ಎತ್ತದೆಯೇ ಹುಬ್ಬು ಗಂಟಿಕ್ಕಿದರು.

“ಹಾಡು ಒಂದು ಕಡೆ, ನಿನ್ನ ಕಾಲು ಒಂದು ಕಡೆ. ಎರಡೂ ನನ್ನ ಕೈಯಲ್ಲಿ ಬಂದು ಜಗಳ ಆಡ್ತಿವೆ. ತಾಳಕ್ಕೆ ಸರಿಯಾಗಿ ತುಳಿಯೇ!”

“ತುಳಿದ್ರೆ ಹೊಲಿಗೆ ಸುಕ್ಕಾಗುತ್ತೆ ಅತ್ತೆ!” ಎಂದು ಸೊಸೆ ಕೂಗಿ ಹೇಳಿದಳು.

“ಆಗ್ಲಿ ಬಿಡು,” ಎಂದರು ಅತ್ತೆ, ಬ್ಲೇಡನ್ನು ತಮ್ಮ ಕಡೆಗೆ ಎಳೆದುಕೊಂಡು. “ಬಿಚ್ಚೋಕೆ ನಾನಿದ್ದೀನಲ್ಲ.”

ಸೊಸೆ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. ಎರಡೂ ಪಾದಗಳನ್ನು ಪೆಡಲ್ಲಿನ ಮೇಲಿಟ್ಟು, ಮದುವೆಯಾಗಿ ಬಂದ ವರ್ಷ ತುಳಿಯುತ್ತಿದ್ದ ಹಾಗೆಯೇ ತುಳಿದಳು.