ಎರಡು ಕೋಶ, ಒಂದು ಹನಿ

ಬನ್ನೇರುಘಟ್ಟ ರಸ್ತೆಯ ಪ್ರಯೋಗಾಲಯಕ್ಕೆ ಸೇರಿದ ಮೇಲೆ ನನ್ನ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಸದಾ ಒಂದು ಐಸ್ ಡಬ್ಬಿ ಇರುತ್ತಿತ್ತು. ಜಯನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಯುವುದನ್ನೇ ಕಾದು, ಕ್ಯಾನ್ಸರ್ ಗಡ್ಡೆಯ ಚೂರನ್ನು ಅದರಲ್ಲಿಟ್ಟುಕೊಂಡು ಟ್ರಾಫಿಕ್ಕಿನಲ್ಲಿ ನುಗ್ಗಿ ಬರುತ್ತಿದ್ದೆ. ತಡವಾದರೆ ಜೀವಕೋಶಗಳು ಸಾಯುತ್ತವೆ. ಗಡ್ಡೆಯೊಳಗೆ ಸೇರಿಕೊಂಡ ರೋಗನಿರೋಧಕ ಕೋಶಗಳನ್ನು ಬಿಡಿಸಿ, ಒಂದೊಂದನ್ನೂ ಒಂದೊಂದು ಸೂಕ್ಷ್ಮ ಹನಿಯಲ್ಲಿ ಕೂರಿಸಿ, ಯಾವ ಜೀನುಗಳು ಕೆಲಸ ಮಾಡುತ್ತಿವೆ ಎಂದು ಓದುವುದು ನಮ್ಮ ಕೆಲಸ.

ಹೀಗೆ ನಾನು ಓದಿಸಿಟ್ಟ ಕೋಶಗಳಲ್ಲಿ ನಮ್ಮ ಸೀನಿಯರ್‌ಗೆ ಒಂದು ಹೊಸ ಬಗೆ ಕಂಡಿತು. ಗಡ್ಡೆಯನ್ನು ಕೊಲ್ಲುವ ಕೋಶದ ಗುಣವೂ ಅದಕ್ಕಿತ್ತು, ಕಸ ನುಂಗುವ ಕೋಶದ ಗುಣವೂ ಇತ್ತು. ಸಂಭ್ರಮದಿಂದ ಪ್ರಬಂಧ ಬರೆದರು. ಅದರಲ್ಲಿ ನನ್ನ ಹೆಸರಿರಲಿಲ್ಲ. ಕೇಳಿದ್ದಕ್ಕೆ ಸ್ಕ್ರೀನಿನಿಂದ ಕಣ್ಣು ತೆಗೆಯದೆ, “ಡಬ್ಬಿ ತಂದವ್ರ ಹೆಸರೆಲ್ಲಾ ಹಾಕಕ್ಕಾಗುತ್ತೇನ್ರೀ? ಕೊನೇಲಿ ಥ್ಯಾಂಕ್ಸ್ ಅಂತ ಹಾಕ್ತೀನಿ ಬಿಡಿ” ಎಂದರು.

ಕತ್ರಿಗುಪ್ಪೆಯ ಮನೆಗೆ ಬಂದವಳಿಗೆ ಅನ್ನ ಸೇರಲಿಲ್ಲ. ಮರುದಿನದಿಂದ ಆ ಹೊಸ ಕೋಶಗಳನ್ನು ಕೆದಕಲು ಕೂತೆ. ತಪ್ಪು ಸಿಗಲಿ ಎಂದೇ ಹುಡುಕಿದೆ. ವಿಜ್ಞಾನದ ಮೇಲಿನ ಪ್ರೀತಿ ಎಂದು ಸುಳ್ಳು ಹೇಳಲಾರೆ. ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರು ರೋಗಿಗಳ ಕೋಶಗಳನ್ನು ನಾವು ಒಟ್ಟಿಗೇ ಯಂತ್ರಕ್ಕೆ ಹಾಕಿದ್ದೆವು. ಆ ಬೆರಕೆಯಲ್ಲಿ ಸೀನಿಯರ್‌ಗೆ ಕಂಡ ಹೊಸ ಕೋಶಗಳಲ್ಲಿ ಬಹಳಷ್ಟರಲ್ಲಿ ಗಂಡಸರಿಗೆ ಮಾತ್ರ ಇರುವ ಜೀನೂ ಇತ್ತು, ಹೆಂಗಸರಲ್ಲಿ ಮಾತ್ರ ಕೆಲಸ ಮಾಡುವ ಜೀನೂ ಇತ್ತು. ಅಂದರೆ ಅದು ಹೊಸದೇ ಅಲ್ಲ. ಒಂದೇ ಹನಿಯಲ್ಲಿ ಸಿಕ್ಕಿಕೊಂಡ ಎರಡು ಹಳೆಯ ಕೋಶಗಳು.

ಸೀನಿಯರ್ ಕೋಣೆಗೆ ಹೋಗಿ ಸದ್ದಿಲ್ಲದೆ ಹೇಳಬಹುದಿತ್ತು. ಪ್ರಬಂಧವನ್ನು ಎಲ್ಲರೆದುರು ಮಂಡಿಸುವ ಸಭೆಗೆ ಕಾದೆ. ಆಸ್ಪತ್ರೆಯ ಡಾಕ್ಟರುಗಳೂ ಬಂದಿದ್ದರು. ಚಪ್ಪಾಳೆ ಮುಗಿಯುವವರೆಗೆ ತಡೆದು ಎದ್ದು ನಿಂತೆ.

“ಸಾರ್, ಈ ಸೆಲ್ಲು ಗಂಡಸಿಂದಾ, ಹೆಂಗಸಿಂದಾ?”

ಅವರು ನಕ್ಕರು. “ಇಬ್ರಲ್ಲೂ ಸಿಕ್ಕಿದೆ.”

“ಅದಲ್ಲ ಸಾರ್. ಒಂದೇ ಸೆಲ್ಲು ಎರಡೂ ಆಗಿದೆಯಲ್ಲ, ಅದು ಹೇಗೆ?” ಎಂದು, ಎರಡೂ ಜೀನುಗಳಿದ್ದ ಕೋಶಗಳನ್ನು ಗುರುತಿಸಿ ನಾನು ಮಾಡಿದ್ದ ಗ್ರಾಫನ್ನು ಪರದೆಗೆ ಹಾಕಿದೆ.

ಅವರ ಕಿವಿ ಕೆಂಪಾಯಿತು. ಬಾಟಲಿಯ ನೀರು ಕುಡಿದರು. ಮುಂದಿನ ಸಾಲಿನ ಡಾಕ್ಟರಮ್ಮ, “ಅಯ್ಯೋ, ಒಂದೇ ಹನೀಲಿ ಡಬಲ್ ರೈಡಿಂಗ್ ಕೇಸು!” ಎಂದರು. ಇಡೀ ಸಭೆ ನಕ್ಕಿತು. ಆ ನಗುವನ್ನು ನಾನು ಕಿವಿತುಂಬ ಕೇಳಿದೆ.

ಕಾರಿಡಾರಿನಲ್ಲಿ ಸೀನಿಯರ್ ನನ್ನ ಹಿಂದೆಯೇ ಬಂದರು. “ಮೊದ್ಲೇ ನನ್ನೊಬ್ಬನಿಗೆ ಹೇಳ್ಬೋದಿತ್ತಲ್ವಾ?”

“ಹೇಳ್ಬೋದಿತ್ತು” ಎಂದೆ. “ಹೇಳ್ಲಿಲ್ಲ.”

ಪ್ರಬಂಧ ಅಲ್ಲಿಗೇ ನಿಂತಿತು. ಸ್ವಲ್ಪ ಕಾಲದಲ್ಲೇ ಅವರು ಬೇರೆ ಊರಿಗೆ ಹೊರಟರು. ಬೀಳ್ಕೊಡುಗೆಯ ಕೇಕನ್ನು ನಾನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಮುಂದೊಂದು ದಿನ ನಿನಗೇ ಬೇಜಾರಾಗುತ್ತೆ ನೋಡು ಎಂದು ಗೆಳತಿ ಹೇಳುತ್ತಿರುತ್ತಾಳೆ. ಇನ್ನೂ ಆಗಿಲ್ಲ.